ಹತ್ತನೇ ಒಂದು ಭಾಗದ ಬೆಲೆ, ಅದೂ ಯಾರ ಕೈಗೆಟುಕೀತು?

2024ರ ಏಪ್ರಿಲ್ 4ರಂದು ಐಐಟಿ ಬಾಂಬೆಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ದೇಶದ ಮೊದಲ ಕಾರ್-ಟಿ ಚಿಕಿತ್ಸೆ ‘ನೆಕ್ಸ್‌ಕಾರ್19’ ಅನ್ನು ಲೋಕಾರ್ಪಣೆ ಮಾಡಿದರು. ಅಮೆರಿಕದಲ್ಲಿ ತಗಲುವ ಖರ್ಚಿನ ಹತ್ತನೇ ಒಂದು ಭಾಗಕ್ಕೆ ರಕ್ತದ ಕ್ಯಾನ್ಸರ್‌ನ ಹೊಸ ಚಿಕಿತ್ಸೆ ನಮ್ಮಲ್ಲೇ ಸಿಗುತ್ತದೆ ಎಂಬ ಮಾತು ಅಂದಿನಿಂದ ಭಾಷಣಗಳಲ್ಲಿ, ಸುದ್ದಿಗಳಲ್ಲಿ ಕೇಳುತ್ತಲೇ ಇದೆ. ಲೆಕ್ಕವೇನೋ ಸರಿ. 2017ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಅಲ್ಲಿನ ಕಾರ್-ಟಿ ಚಿಕಿತ್ಸೆ ‘ಕಿಮ್ರಾಯಾ’ದ ಬೆಲೆ 4,75,000 ಡಾಲರ್ ಇತ್ತು. ಇಲ್ಲಿ ಸುಮಾರು ಮೂವತ್ತರಿಂದ ನಲವತ್ತು ಲಕ್ಷ ರೂಪಾಯಿ. ಆದರೆ ಇಪ್ಪತ್ತರ ಮಗನನ್ನು ರಾಯಚೂರಿನಿಂದ ಬೆಂಗಳೂರಿಗೆ ಕರೆತಂದ ಅಪ್ಪನಿಗೆ ಅಮೆರಿಕದ ದರ ಕಟ್ಟಿಕೊಂಡು ಏನಾಗಬೇಕು? ಅವನ ಜೇಬಿನಲ್ಲಿರುವುದು ಆಯುಷ್ಮಾನ್ ಕಾರ್ಡು. ಅದರ ಮಿತಿ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ.

ಈ ಬೆಲೆಯನ್ನು ಸಾಧನೆಯೆಂದು ಕೊಂಡಾಡುವುದನ್ನು ನಿಲ್ಲಿಸಬೇಕು. ಜನರ ತೆರಿಗೆಯ ಬಲದಿಂದ ಬೆಳೆದ ಈ ಚಿಕಿತ್ಸೆಯನ್ನು ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗಳು ತಮ್ಮ ಆವರಣದಲ್ಲೇ ತಯಾರಿಸಬೇಕು. ಬೇರೆ ದಾರಿಗಳೆಲ್ಲ ಸಹಾಯಧನದ ಅರ್ಜಿ, ದಾನಿಗಳ ಹುಡುಕಾಟ, ಮುಖ್ಯಮಂತ್ರಿ ಪರಿಹಾರ ನಿಧಿಯ ಮುಂದಿನ ಸರದಿ, ಇಷ್ಟರಲ್ಲೇ ಮುಗಿಯುತ್ತವೆ. ಮರುಕಳಿಸಿದ ಲ್ಯುಕೇಮಿಯಾ ಅಷ್ಟು ಕಾಲ ಕಾಯುವ ರೋಗವಲ್ಲ.

ಕಾರ್-ಟಿಯಲ್ಲಿ ಔಷಧವೆಂದರೆ ರೋಗಿಯದೇ ಜೀವಕೋಶ. ರಕ್ತದಿಂದ ಟಿ ಕೋಶಗಳನ್ನು ಬೇರ್ಪಡಿಸಿ, ರೋಗ ತಾರದಂತೆ ಮಾರ್ಪಡಿಸಿದ ವೈರಸ್ಸಿನ ಮೂಲಕ ಅವುಗಳೊಳಗೆ ಹೊಸ ವಂಶವಾಹಿಯನ್ನು ಸೇರಿಸುತ್ತಾರೆ. ಆಗ ಬಿ ಕೋಶಗಳ ಮೇಲಿನ ಸಿಡಿ19 ಎಂಬ ಪ್ರೋಟೀನನ್ನು ಗುರುತಿಸಿ ದಾಳಿ ಮಾಡುವ ಶಕ್ತಿ ಅವಕ್ಕೆ ಬರುತ್ತದೆ. ಹಾಗೆ ಬೆಳೆಸಿದ ಕೋಟಿಗಟ್ಟಲೆ ಕೋಶಗಳನ್ನು ಅದೇ ರೋಗಿಯ ರಕ್ತನಾಳಕ್ಕೆ ಮರಳಿ ಬಿಡುತ್ತಾರೆ. ಎರಡು ಸಲ ಕಾಯಿಲೆ ಮರುಕಳಿಸಿ ಕೈಬಿಡುವ ಸ್ಥಿತಿಗೆ ಬಂದಿದ್ದ ಎಮಿಲಿ ವೈಟ್‌ಹೆಡ್ ಎಂಬ ಪುಟ್ಟ ಹುಡುಗಿ 2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಬದುಕುಳಿದದ್ದು ಇದರಿಂದಲೇ.

ನಮ್ಮಲ್ಲಿ ಇದು ಬೆಳೆದ ಬಗೆ ನೋಡಿ. ಇದನ್ನು ರೂಪಿಸಿದ ಐಐಟಿ ಬಾಂಬೆ ಸರ್ಕಾರದ್ದು. ಅದರೊಂದಿಗೆ ಕೈಜೋಡಿಸಿದ ಟಾಟಾ ಮೆಮೋರಿಯಲ್ ಸೆಂಟರ್ ಪರಮಾಣು ಶಕ್ತಿ ಇಲಾಖೆಯ ಅಧೀನದ್ದು. ಮೊದಲ ಪ್ರಯೋಗಕ್ಕೆ ಸರ್ಕಾರಿ ಸಂಸ್ಥೆ ಬೈರಾಕ್‌ನ ರಾಷ್ಟ್ರೀಯ ಬಯೋಫಾರ್ಮಾ ಮಿಷನ್ 19.15 ಕೋಟಿ ರೂಪಾಯಿ ಮಂಜೂರು ಮಾಡಿತು. 2021ರ ಜೂನ್ 4ರಂದು ದೇಶದ ಮೊದಲ ರೋಗಿಗೆ ಈ ಕೋಶಗಳನ್ನು ಕೊಟ್ಟದ್ದು ಟಾಟಾ ಮೆಮೋರಿಯಲ್‌ಗೇ ಸೇರಿದ ಆಕ್ಟ್ರೆಕ್‌ನ ಅಸ್ಥಿಮಜ್ಜೆ ಕಸಿ ಘಟಕದಲ್ಲಿ. ಐಐಟಿಯ ಒಡಲಲ್ಲೇ ಹುಟ್ಟಿದ, ಈ ಚಿಕಿತ್ಸೆ ತಯಾರಿಸುವ ಇಮ್ಯುನೋಆಕ್ಟ್ ಕಂಪನಿಯಲ್ಲಿ ಆಮೇಲೆ ಹೈದರಾಬಾದ್‌ನ ಲಾರಸ್ ಲ್ಯಾಬ್ಸ್ ಹಣ ಹೂಡಿತು. ಹೂಡಿದವರು ಲಾಭ ಕೇಳುವುದು ಸಹಜ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಮೊದಲು ಹಣ ಹಾಕಿದ್ದು ಜನ. ಅವರ ಪಾಲನ್ನು ಯಾವ ಒಪ್ಪಂದದಲ್ಲಿ ಬರೆದಿದ್ದಾರೆ? ಬೈರಾಕ್ ಅನುದಾನ ಕೊಡುವಾಗಲೇ ಸರ್ಕಾರಿ ಆಸ್ಪತ್ರೆಗೆ ಇಂತಿಷ್ಟೇ ಬೆಲೆ ಎಂಬ ಷರತ್ತು ಇರಬೇಕು, ಅದು ಎಲ್ಲರೂ ಓದುವಂತೆ ಪ್ರಕಟವಾಗಬೇಕು.

ಅಗ್ಗದ ಮಾತ್ರೆಗಾಗಿ ಈ ದೇಶ ಗೆದ್ದ ಹೋರಾಟ ಇಲ್ಲಿ ಪೂರ್ತಿ ನೆರವಿಗೆ ಬಾರದು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ‘ಗ್ಲಿವೆಕ್’ ಎಂಬ ಕ್ಯಾನ್ಸರ್ ಮಾತ್ರೆಯ ಪ್ರಕರಣದಲ್ಲಿ ನೊವಾರ್ಟಿಸ್‌ಗೆ ಪೇಟೆಂಟ್ ನಿರಾಕರಿಸಿತು. ಅದೇ ಔಷಧವನ್ನು ಕಡಿಮೆ ಬೆಲೆಗೆ ಮಾಡುವ ಭಾರತೀಯ ಕಂಪನಿಗಳಿಗೆ ದಾರಿ ಮುಕ್ತವಾಗಿ ಉಳಿಯಿತು. ಜೀವಂತ ಕೋಶಕ್ಕೆ ಹಾಗೆ ಜೆನೆರಿಕ್ ಬರುವುದಿಲ್ಲ. ಪ್ರತಿ ರೋಗಿಗೂ ಹೊಸದಾಗಿ ಮಾಡಬೇಕು, ಪ್ರತಿ ಸಲವೂ ಸೋಂಕಿಲ್ಲವೆಂದು ಪರೀಕ್ಷಿಸಬೇಕು. ಹಾಗಾಗಿ ಪೇಟೆಂಟ್ ಯಾರದ್ದು ಎಂಬುದರಷ್ಟೇ ತಯಾರಿಸುವ ಜಾಗ ಯಾರದ್ದು ಎಂಬುದೂ ಬೆಲೆಯನ್ನು ನಿರ್ಧರಿಸುತ್ತದೆ.

ಆಸ್ಪತ್ರೆಯೇ ಮಾಡಿಕೊಂಡರೆ ಏನಾಗುತ್ತದೆಂಬುದಕ್ಕೆ ಬಾರ್ಸಿಲೋನಾದಲ್ಲಿ ಉತ್ತರವಿದೆ. ಅಲ್ಲಿ ಅರಿ ಎಂಬ ಹುಡುಗಿಗೆ ಹದಿಹರೆಯದಲ್ಲಿ ಲ್ಯುಕೇಮಿಯಾ ಬಂತು. ಕಾರ್-ಟಿ ಆಗ ಸ್ಪೇನ್‌ಗೆ ಬಂದಿರಲಿಲ್ಲ. ಅವಳ ತಾಯಿ ಊರೂರಿನ ಜನರಿಂದ ಹಣ ಕೂಡಿಸಿ, ನಗರದ ಸಾರ್ವಜನಿಕ ಆಸ್ಪತ್ರೆ ಹಾಸ್ಪಿಟಲ್ ಕ್ಲಿನಿಕ್‌ನ ಸಂಶೋಧಕರ ಬೆನ್ನಿಗೆ ನಿಂತಳು. ಮಗಳು 2016ರಲ್ಲಿ ತೀರಿಕೊಂಡಳು, ಚಿಕಿತ್ಸೆ ಅವಳಿಗೆ ದಕ್ಕಲಿಲ್ಲ. ಕೆಲಸ ಮಾತ್ರ ನಿಲ್ಲಲಿಲ್ಲ. ಅವಳ ಹೆಸರನ್ನೇ ಹೊತ್ತ ಎಆರ್‌ಐ-0001 ಚಿಕಿತ್ಸೆಗೆ 2021ರಲ್ಲಿ ಸ್ಪೇನ್‌ನ ಔಷಧ ಪ್ರಾಧಿಕಾರ ಅನುಮತಿ ಕೊಟ್ಟಿತು. ಆಸ್ಪತ್ರೆಯೊಳಗೇ ತಯಾರಾಗುವ ಅದರ ವೆಚ್ಚ ಸುಮಾರು 90 ಸಾವಿರ ಯೂರೊ, ಕಂಪನಿಗಳು ಕೇಳುತ್ತಿದ್ದುದರ ಮೂರನೇ ಒಂದು ಭಾಗಕ್ಕೂ ಕಡಿಮೆ. ಅದನ್ನೂ ರೋಗಿ ಕೊಡಬೇಕಿಲ್ಲ, ಸರ್ಕಾರ ಭರಿಸುತ್ತದೆ.

ಅದೇ ಎಆರ್‌ಐ-0001 ಇಂದು ನಮ್ಮ ಬೆಂಗಳೂರಿನಲ್ಲೂ ಇದೆ. ಕಿರಣ್ ಮಜುಂದಾರ್ ಶಾ, ಸಿದ್ಧಾರ್ಥ ಮುಖರ್ಜಿ ಮೊದಲಾದವರು ಕಟ್ಟಿದ ಇಮ್ಯುನೀಲ್ ಕಂಪನಿ ಬಾರ್ಸಿಲೋನಾದಿಂದ ಪರವಾನಗಿ ಪಡೆದು, 2025ರ ಜನವರಿಯಲ್ಲಿ ‘ಕಾರ್ಟೆಮಿ’ ಎಂಬ ಹೆಸರಿನಲ್ಲಿ ಅದನ್ನು ಬಿಡುಗಡೆ ಮಾಡಿತು. ಒಬ್ಬ ತಾಯಿ ಎಲ್ಲರಿಗೂ ಸಿಗಲೆಂದು ಜನರಿಂದ ಹಣ ಎತ್ತಿ ಕಟ್ಟಿದ ಚಿಕಿತ್ಸೆ ಇಲ್ಲಿಗೆ ಬರುವಷ್ಟರಲ್ಲಿ ಹತ್ತಾರು ಲಕ್ಷ ಇದ್ದವರ ಚಿಕಿತ್ಸೆಯಾಗಿದೆ. ಇದು ನನ್ನನ್ನು ಬಹಳ ಕಾಡುತ್ತದೆ.

ಸರ್ಕಾರಿ ಆಸ್ಪತ್ರೆಗಳಿಗೆ ಕಾರ್-ಟಿ ತಯಾರಿಕೆ ಆಗುವ ಕೆಲಸವಲ್ಲ ಎನ್ನುವವರಿದ್ದಾರೆ. ಅವರ ಆತಂಕವನ್ನು ತಳ್ಳಿಹಾಕಲಾರೆ. ಚಿಕಿತ್ಸೆ ಕೊಟ್ಟ ಕೆಲವೇ ದಿನಗಳಲ್ಲಿ ರೋಗನಿರೋಧಕ ವ್ಯವಸ್ಥೆ ಕೆರಳಿ, ಜ್ವರ ಏರಿ, ರಕ್ತದೊತ್ತಡ ಕುಸಿದು ರೋಗಿ ಐಸಿಯು ಸೇರಬಹುದು. ಒಳ್ಳೆಯ ಬಿ ಕೋಶಗಳೂ ನಾಶವಾಗುವುದರಿಂದ ತಿಂಗಳುಗಟ್ಟಲೆ ಸೋಂಕಿನ ಭಯ. ಕೋಶ ಬೆಳೆಸುವ ಕೊಠಡಿ ಒಂದು ದಿನವೂ ಕೆಡುವಂತಿಲ್ಲ. ಎಲ್ಲರಿಗೂ ಗುಣವಾಗುತ್ತದೆಂಬ ಖಾತ್ರಿಯೂ ಇಲ್ಲ. ಆದರೆ ಇವೆಲ್ಲ ನುರಿತ ಕೈಗಳನ್ನು, ಸ್ಥಿರವಾದ ಅನುದಾನವನ್ನು ಬೇಡುವ ತೊಡಕುಗಳು. ನುರಿತ ಕೈಗಳು ನಮ್ಮಲ್ಲಿ ಇಲ್ಲವೆನ್ನುವುದು ಸುಳ್ಳು. ವೆಲ್ಲೂರಿನ ಸಿಎಂಸಿ, ಲಾಭದ ಹಂಗಿಲ್ಲದ ಆಸ್ಪತ್ರೆ, ‘ವೆಲ್‌ಕಾರ್ಟ್’ ಪ್ರಯೋಗದಲ್ಲಿ ತನ್ನ ಆವರಣದಲ್ಲೇ ಸುಮಾರು ಒಂಬತ್ತು ದಿನಗಳಲ್ಲಿ ಕೋಶಗಳನ್ನು ತಯಾರಿಸಿ ರೋಗಿಗಳಿಗೆ ಕೊಟ್ಟಿದೆ. ಅಲ್ಲಿನ ಸ್ಟೆಮ್ ಸೆಲ್ ಸಂಶೋಧನಾ ಕೇಂದ್ರವಂತೂ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯದೇ ಘಟಕ. ಜ್ಞಾನದ ಬೇರು ಬೆಂಗಳೂರಿನಲ್ಲೇ ಇದೆ, ಅದೇ ಊರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಗೆ ಮಾತ್ರ ಅದರ ಫಲ ತಲುಪಿಲ್ಲ.

ರಾಜ್ಯದ ಮೂಲೆಮೂಲೆಯ ಬಡವರು ಬರುವುದು ಕಿದ್ವಾಯಿಗೆ. ಅಸ್ಥಿಮಜ್ಜೆ ಕಸಿಯ ಅನುಭವ ಅಲ್ಲಿದೆ. ಇನ್ನು ಬೇಕಿರುವುದು ಶುದ್ಧ ಕೊಠಡಿ, ಕೋಶ ತಯಾರಿಕೆಯ ಯಂತ್ರ, ತರಬೇತಿ ಪಡೆದ ತಂತ್ರಜ್ಞರಿಗೆ ಕಾಯಂ ಹುದ್ದೆ, ವಂಶವಾಹಿಯನ್ನು ಕೋಶದೊಳಗೆ ಒಯ್ಯುವ ವೈರಸ್ ವೆಕ್ಟರನ್ನು ದೇಶದಲ್ಲೇ ತಯಾರಿಸಿ ಸರ್ಕಾರಿ ಆಸ್ಪತ್ರೆಗಳಿಗೆಲ್ಲ ಹಂಚುವ ವ್ಯವಸ್ಥೆ. ವೆಕ್ಟರ್ ತಯಾರಿಕೆ ಕೇಂದ್ರ ಸರ್ಕಾರದ ಹೊಣೆ, ಅದನ್ನು ಜೈವಿಕ ತಂತ್ರಜ್ಞಾನ ಇಲಾಖೆ ಹೊರಲಿ. ಉಳಿದದ್ದಕ್ಕೆ ರಾಜ್ಯದ ಮುಂದಿನ ಬಜೆಟ್ಟಿನಲ್ಲೇ ಹಣ ತೆಗೆದಿಡಬೇಕು, ವೆಲ್ಲೂರಿನೊಂದಿಗೆ ತರಬೇತಿಯ ಒಪ್ಪಂದವನ್ನು ಅದಕ್ಕೂ ಮೊದಲೇ ಮಾಡಿಕೊಳ್ಳಬೇಕು.