ಒಂದು ವರ್ಷದ ಕಲಿಕೆಯ ಖರ್ಚು



ಕ್ಯಾಥ್ಲೀನ್ ಫೆರಿಯರ್ ಎಂಬ ಇಂಗ್ಲೆಂಡಿನ ಗಾಯಕಿಯ ಹೆಸರು ನಮ್ಮಲ್ಲಿ ಅನೇಕರಿಗೆ ಹೊಸದಿರಬಹುದು. ಆಕೆಯ ಹೆಸರಿನ ನಿಧಿಯೊಂದರ ಪರವಾಗಿ ನಿಮ್ಮಲ್ಲಿ, ಅದರಲ್ಲೂ ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ, ಈ ಮನವಿ ಮಾಡುತ್ತಿದ್ದೇನೆ.

ಫೆರಿಯರ್ 1912ರಲ್ಲಿ ಲ್ಯಾಂಕಶೈರಿನ ಶಾಲಾ ಮಾಸ್ತರರೊಬ್ಬರ ಮನೆಯಲ್ಲಿ ಹುಟ್ಟಿದವರು. ಮನೆಯಲ್ಲಿ ಹಣದ ಅಡಚಣೆ. ಹಾಗಾಗಿ 14ನೇ ವಯಸ್ಸಿಗೇ ಶಾಲೆ ಬಿಟ್ಟು ಬ್ಲ್ಯಾಕ್‌ಬರ್ನ್ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದರು. ನುಡಿಸುತ್ತಿದ್ದುದು ಪಿಯಾನೋ. 1937ರಲ್ಲಿ ಕಾರ್ಲೈಲ್ ಊರಿನ ಸ್ಪರ್ಧೆಯಲ್ಲಿ, ಗಂಡ ಕಟ್ಟಿದ ಒಂದು ಶಿಲ್ಲಿಂಗ್ ಪಂಥಕ್ಕಾಗಿ ಹಾಡಲು ನಿಂತು, ಪಿಯಾನೋ ಬಹುಮಾನದ ಜೊತೆಗೆ ಗಾಯನದ ಬಹುಮಾನವನ್ನೂ ಗೆದ್ದರು. ಆಗ ಅವರಿಗೆ ಸುಮಾರು 25 ವರ್ಷ. ಅಂಥ ಕಂಠ ಅಷ್ಟು ದಿನ ಯಾರ ಕಿವಿಗೂ ಸರಿಯಾಗಿ ಬೀಳದೆ ಉಳಿದಿತ್ತಲ್ಲ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಒಪೇರಾ ರಂಗದ ಮೇಲೆ ಅವರು ಮಾಡಿದ್ದು ಎರಡೇ ಪಾತ್ರ: ಸಂಗೀತ ರಚನಕಾರ ಬೆಂಜಮಿನ್ ಬ್ರಿಟನ್ನರ ಲುಕ್ರೀಷಿಯಾ, ಗ್ಲುಕ್‌ನ ಆರ್ಫಿಯಸ್. 1951ರಲ್ಲಿ ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಯಿತು. 1953ರ ಫೆಬ್ರುವರಿಯಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಆರ್ಫಿಯಸ್‌ನ ಎರಡನೇ ಪ್ರದರ್ಶನ ನಡೆಯುತ್ತಿದ್ದಾಗ, ವಿಕಿರಣ ಚಿಕಿತ್ಸೆಯಿಂದ ಸವೆದಿದ್ದ ತೊಡೆಯ ಮೂಳೆ ಮುರಿಯಿತು. ಅವರು ಹಾಡು ನಿಲ್ಲಿಸಲಿಲ್ಲ. ಆ ನೋವಿನಲ್ಲೇ ಕೊನೆಯವರೆಗೆ ಹಾಡಿ ಮುಗಿಸಿದರು. ಮತ್ತೆ ರಂಗ ಹತ್ತಲಾಗಲಿಲ್ಲ. ಅಕ್ಟೋಬರ್ 8ರಂದು ತೀರಿಕೊಂಡಾಗ ವಯಸ್ಸು 41.

ಅವರನ್ನು ಪ್ರೀತಿಸಿದವರು ಅತ್ತು ಸುಮ್ಮನಾಗಲಿಲ್ಲ. 1954ರಲ್ಲಿ ಕ್ಯಾನ್ಸರ್ ಸಂಶೋಧನೆಗೆಂದು ಒಂದು ನಿಧಿ ಕೂಡಿಸಿದರು. ಫೆರಿಯರ್ ಕೊನೆಯುಸಿರೆಳೆದ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ 1984ರಲ್ಲಿ ಅವರ ಹೆಸರಿನ ಕ್ಯಾನ್ಸರ್ ಚಿಕಿತ್ಸಾ ಪೀಠ ಸ್ಥಾಪನೆಯಾಗಲು ಆ ಹಣ ನೆರವಾಯಿತು. ಯುವ ಗಾಯಕರಿಗಾಗಿ ಇನ್ನೊಂದು ನಿಧಿ ಹುಟ್ಟಿತು. ಸಂಗೀತ ವಿಮರ್ಶಕ ನೆವಿಲ್ ಕಾರ್ಡಸ್ ಸಂಪಾದಿಸಿದ ಸ್ಮರಣ ಗ್ರಂಥದ ಮಾರಾಟದ ಹಣವೂ ಅದಕ್ಕೆ ಸೇರಿತು. ಬ್ರಿಟನ್ ಹಾಗೂ ಕಾಮನ್‌ವೆಲ್ತ್ ದೇಶಗಳ ಗಾಯಕರಿಗೆಂದು 1956ರಿಂದ ವರ್ಷಕ್ಕೊಬ್ಬರಿಗೆ ಒಂದು ವರ್ಷದ ಕಲಿಕೆಯ ಖರ್ಚು ಕೊಡುತ್ತ ಬಂದ ಈ ನಿಧಿ ಮುಂದೆ ಬಹುಮಾನಗಳನ್ನು ಹೆಚ್ಚಿಸಿತು. 1988ರಲ್ಲಿ ಇದರ ಬಹುಮಾನ ಗೆದ್ದ ವೇಲ್ಸಿನ ರೈತನ ಮಗ ಬ್ರಿನ್ ಟರ್ಫೆಲ್ ಇಂದು ಜಗತ್ತೇ ಬಲ್ಲ ಗಾಯಕ.

ಕಂಠವಿದ್ದೂ ಕಲಿಯಲು ಹಣವಿಲ್ಲದವರು ಎಲ್ಲ ಕಾಲದಲ್ಲೂ ಇರುತ್ತಾರೆ. ಅವರಿಗೆ ಒಂದು ವರ್ಷದ ನಿಶ್ಚಿಂತೆ ಕೊಡುವುದಕ್ಕಿಂತ ದೊಡ್ಡ ಸ್ಮಾರಕವನ್ನು ನಾನು ಕಾಣೆ.

ಬ್ರಿಟನ್ನಿನಲ್ಲಿರುವ ಬಂಧುಗಳೇ, ಈ ನಿಧಿಯ ಬಹುಮಾನಕ್ಕಾಗಿ ನಡೆಯುವ ಫೆರಿಯರ್ ಸ್ಪರ್ಧೆಯ ಅಂತಿಮ ಸುತ್ತು ಲಂಡನ್ನಿನ ವಿಗ್ಮೋರ್ ಹಾಲ್‌ನಲ್ಲಿ ನಡೆಯುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ ಕೇಳಿ, ನಿಧಿಗೆ ಕೈಲಾದಷ್ಟು ಕೊಡಿ. ಇಲ್ಲಿರುವವರು ನಿಮ್ಮ ಊರಿನ ಹಿರಿಯ ಗಾಯಕರ ಪುಣ್ಯತಿಥಿಯಲ್ಲಿ ಹಾರ, ಶಾಲು, ಪೆಂಡಾಲಿನ ಖರ್ಚು ಕಡಿಮೆ ಮಾಡಿ, ಒಬ್ಬ ವಿದ್ಯಾರ್ಥಿಯ ಪಾಠದ ಶುಲ್ಕವನ್ನೂ ಊಟ-ವಸತಿಯನ್ನೂ ವಹಿಸಿಕೊಳ್ಳಿ. ಅಕ್ಕತಂಗಿಯರಲ್ಲಿ ಇನ್ನೊಂದು ಮಾತು: ಎದೆಯಲ್ಲಿ ಗಂಟು ಕಂಡರೆ ಸಂಕೋಚಪಟ್ಟು ಮುಚ್ಚಿಡಬೇಡಿ, ಆ ವಾರವೇ ವೈದ್ಯರಿಗೆ ತೋರಿಸಿ.