ನಾಲ್ಕು ರೌಂಡು ಅಂದ್ರೆ ಎಷ್ಟು ಸ್ವಾಮೀ?

ಟ್ರ್ಯಾಕಿನಲ್ಲಿ ಸುತ್ತು ಹಾಕೋರನ್ನ ಗಾಣದೆತ್ತು ಅಂತ ಗೇಲಿ ಮಾಡೋದು ನಮ್ಮ ಬ್ಲಾಗಿಗ ಮಿತ್ರರಲ್ಲಿ ಈಗೊಂದು ಫ್ಯಾಷನ್ನು. ವಾಚು ಬಿಚ್ಚಿಡಿ, ಲೆಕ್ಕ ಮರೆತುಬಿಡಿ, ಕೆರೆ ಏರಿ ಮೇಲೆ ಸುಮ್ನೆ ಓಡಿ, ಓಟ ಅಂದ್ರೆ ಸ್ವಾತಂತ್ರ್ಯ... ಹೀಗೆಲ್ಲ. ಓದೋಕೆ ಚೆನ್ನಾಗಿಯೇ ಇರುತ್ತೆ. ನಾನೂ ಒಂದು ಕಾಲದಲ್ಲಿ ಇಂಥದ್ದನ್ನೇ ಕುಯ್ದವನು, ಅದಕ್ಕೇ ಸ್ವಲ್ಪ ಜಾಸ್ತಿ ಉರಿಯುತ್ತೆ.

ನಾನಿರೋದು ಬಂಗಾರಪೇಟೆಯಲ್ಲಿ. ವಾರದ ಐದು ದಿನ ಬೆಳಗ್ಗೆ ರೈಲು ಹತ್ತಿ ಎಪ್ಪತ್ತು ಕಿಲೋಮೀಟರು ಬೆಂಗಳೂರಿಗೆ, ರಾತ್ರಿ ಅಷ್ಟೇ ದೂರ ವಾಪಸ್ಸು. ಓಟಕ್ಕೆ ಉಳಿಯೋದು ಭಾನುವಾರ ಒಂದೇ. ಗಾಡಿ ತಗೊಂಡು ಕೆ.ಜಿ.ಎಫ್.ಗೆ ಹೋಗ್ತೀನಿ. ಸೈನೈಡ್ ದಿಬ್ಬ ಕಾಣಿಸುವಷ್ಟು ದೂರದಲ್ಲಿ ಒಂದು ಮಣ್ಣಿನ ಗ್ರೌಂಡಿದೆ. ಐದೂವರೆಗೇ ಅಲ್ಲಿ ಹತ್ತಿಪ್ಪತ್ತು ಹುಡುಗ್ರು, ನಾಲ್ಕೈದು ಹುಡುಗೀರು ಸುತ್ತು ಹಾಕ್ತಿರ್ತಾರೆ. ತೂಕ ಇಳಿಸೋಕಲ್ಲ. ಪೊಲೀಸ್ ಕಾನ್‌ಸ್ಟೇಬಲ್ ಆಗೋಕೆ, ಮಿಲಿಟರಿಗೆ ಸೇರೋಕೆ.

ಕಾನ್‌ಸ್ಟೇಬಲ್ ಆಯ್ಕೆಗೆ ಗಂಡಸರು 1600 ಮೀಟರನ್ನ ಆರೂವರೆ ನಿಮಿಷದಲ್ಲಿ ಮುಗಿಸಬೇಕು, ಹೆಂಗಸರು 400 ಮೀಟರನ್ನ ಎರಡು ನಿಮಿಷದಲ್ಲಿ. ಅಂದ್ರೆ ಟ್ರ್ಯಾಕಿನ ನಾಲ್ಕು ಸುತ್ತು, ಇಲ್ಲಾ ಒಂದು. ಈ ಗ್ರೌಂಡಿನಲ್ಲೂ ವರ್ಷಗಳಿಂದ ಅದೇ ಲೆಕ್ಕ, ನಾಲ್ಕು ರೌಂಡು ಅಂದ್ರೆ 1600. ಯಾರು ಹೇಳಿದ್ದು? ಗೊತ್ತಿಲ್ಲ. ಸೀನಿಯರುಗಳು ಹೇಳಿದ್ರು, ಇವರು ನಂಬಿದ್ರು.

ನನಗೆ ಅನುಮಾನ ಬಂದಿದ್ದು ನನ್ನ ಹೊಟ್ಟೆಯಿಂದ. ಈ ಹೊಟ್ಟೆ ಇಟ್ಕೊಂಡು 400 ಮೀಟರನ್ನ 85 ಸೆಕೆಂಡಿಗೆ ಓಡೋ ಗಿರಾಕಿ ನಾನಲ್ಲ :) ಸಿವಿಲ್ ಓದಿದ ಕ್ಲಾಸ್‌ಮೇಟ್ ಹತ್ತಿರ ಐವತ್ತು ಮೀಟರಿನ ಟೇಪು ಇಸ್ಕೊಂಡು ಬಂದೆ. ಇಬ್ಬರು ಹುಡುಗ್ರು ಹಿಡಿದ್ರು. ಎರಡು ಸಲ ಅಳೆದೆವು. 372.

ಈಗ ಕೂತು ಲೆಕ್ಕ ಹಾಕಿ. ನಾಲ್ಕು ರೌಂಡಿಗೆ 1488 ಮೀಟರು, 112 ಮೀಟರು ಖೋತಾ. ಅಲ್ಲಿ ಒಬ್ಬ 6 ನಿಮಿಷ 20 ಸೆಕೆಂಡಿಗೆ ಮುಗಿಸ್ತಿದ್ದ, ಪಾಸು ಅಂತ ಖುಷಿಯಲ್ಲಿದ್ದ. ಅದೇ ವೇಗದಲ್ಲಿ ನಿಜವಾದ 1600 ಓಡಿದ್ರೆ 6 ನಿಮಿಷ 48 ದಾಟುತ್ತೆ. ಒಬ್ಬ ಹುಡುಗಿ ಒಂದು ಸುತ್ತನ್ನ 1 ನಿಮಿಷ 55ಕ್ಕೆ ಓಡ್ತಿದ್ಲು. 400ಕ್ಕೆ ಅದು 2 ನಿಮಿಷ 3 ಸೆಕೆಂಡಿಗಿಂತ ಜಾಸ್ತಿ. ಆ ಹುಡುಗ ಹೋದ ಸಲ ಓಟದಲ್ಲೇ ಫೇಲಾಗಿ ಬಂದವನು. ಶೂ ಸರಿ ಇರ್ಲಿಲ್ಲ, ಭಯ ಆಯ್ತು ಅಂತ ಒಂದು ವರ್ಷ ತನ್ನನ್ನೇ ಬೈಕೊಂಡಿದ್ದನಂತೆ. ಟೇಪು ಸುತ್ತಿಡೋವಾಗ ಮೆಲ್ಲಗೆ ಕೇಳಿದ: "ಅಣ್ಣಾ, ಹಂಗಾದ್ರೆ ಗ್ರೌಂಡೇ ಚಿಕ್ಕದಾ?"

ಇವನಿಗೆ ಹೋಗಿ ಹೇಳಿ ನೋಡೋಣ, ಲೆಕ್ಕ ಬಿಡು, ಗಾಳಿ ಥರ ಓಡು ಅಂತ.

ಮುಂದಿನ ಭಾನುವಾರ ಒಂದು ತುದಿಯ ಜಾಲಿ ಕಡಿದೆವು. 84.39 ಮೀಟರು ಅಂತರದಲ್ಲಿ ಎರಡು ಗೂಟ, ಅದಕ್ಕೆ 36.60 ಮೀಟರಿನ ಹಗ್ಗ, ಹಗ್ಗದ ತುದಿ ಹೋದ ಕಡೆ ಸುಣ್ಣದ ಪುಡಿ. ಎರಡು ತಿರುವು ಆಯ್ತು, ನೇರ ಗೆರೆಗಳಿಂದ ಸೇರಿಸಿದೆವು. (ಒಳ ಅಂಚಿನಲ್ಲಿ ಕಟ್ಟೆ ಇಲ್ಲದೆ ಬರೀ ಗೆರೆ ಇದ್ರೆ, ಗೆರೆಯಿಂದ 20 ಸೆಂಟಿಮೀಟರು ಆಚೆಗೆ ಅಳೀಬೇಕು. ಆಗ ಸರಿಯಾಗಿ 400 ಬರುತ್ತೆ. ಇಂಜಿನಿಯರಿಂಗ್ ಡಿಗ್ರಿ ಉಪಯೋಗಕ್ಕೆ ಬಂದ ಮೊದಲ ದಿನ!) ಒಟ್ಟು ಖರ್ಚು ಬೆಂಗಳೂರಿನ ಒಂದು ಮ್ಯಾರಥಾನಿನ ಎಂಟ್ರಿ ಫೀಗಿಂತ ಕಡಿಮೆ.

ಆಮೇಲೆ ಇಂಟರ್‌ವಲ್ಲು. 1600ಕ್ಕೆ ಆರೂವರೆ ನಿಮಿಷ ಅಂದ್ರೆ ಸುತ್ತಿಗೆ 97.5 ಸೆಕೆಂಡು. ಅದಕ್ಕಿಂತ ಜೋರಾಗಿ ಒಂದು ಸುತ್ತು, ಎರಡು ನಿಮಿಷ ನಡಿಗೆ, ಮತ್ತೆ ಒಂದು ಸುತ್ತು, ಹೀಗೆ ಎಂಟು. ಒಂದೇ ಉಸಿರಿಗೆ ಹಿಡಿಯೋಕಾಗದ ವೇಗವನ್ನ ತುಂಡು ಮಾಡಿ ಮೈಗೆ ಕಲಿಸೋದು, ಅಷ್ಟೇ ಇದರ ಗುಟ್ಟು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ 5000, 10000, ಮ್ಯಾರಥಾನ್ ಮೂರನ್ನೂ ಗೆದ್ದ ಎಮಿಲ್ ಜಾಟೊಪೆಕ್ ಈ 400ರ ತುಂಡುಗಳನ್ನ ರಾಶಿರಾಶಿ ಓಡಿಯೇ ತಯಾರಾದವನು.

ಮೊದಲ ದಿನದ ನಮ್ಮ ಲೆಕ್ಕ ಇದು: 93, 92, 92, 93, 94, 94, 93, 90. ಐದು, ಆರನೇದು ಎಲ್ಲರಿಗೂ ಸಾಯೋ ಥರ. ಎದುರು ಗಾಳಿ, ಬಾಯಿ ತುಂಬ ಧೂಳು, ತೊಡೆ ಕಲ್ಲು. ಏಳನೇದರಲ್ಲಿ ಯಾರೂ ಮಾತಾಡಲಿಲ್ಲ. ಎಂಟನೇದಕ್ಕೆ ಆ ಹುಡುಗ ಕೊನೇ ತಿರುವಿನಿಂದ ಎಳೆದ ನೋಡಿ, ಹಿಂದೆ ನಾವೆಲ್ಲ ಕಾಲು ಕಿತ್ಕೊಂಡು ಓಡಿದೆವು. ಮಣ್ಣಲ್ಲಿ ಬಿದ್ಕೊಂಡು ಆ ಎಂಟು ನಂಬರು ನೋಡೋ ಸುಖ ಇದೆಯಲ್ಲ, ಹತ್ತು ಕಿಲೋಮೀಟರು ಜಾಗಿಂಗ್ ಮಾಡಿ ಟೀ ಶರ್ಟು ತಗೊಂಡಾಗ ನನಗಂತೂ ಸಿಕ್ಕಿಲ್ಲ. ನಂಬರು ಸುಳ್ಳಲ್ಲ ಅನ್ನೋದೇ ಸುಖ.

ಇದು ಎಂಥ ಊರು ಯೋಚನೆ ಮಾಡಿ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಟನ್ನುಗಟ್ಟಲೆ ಕಲ್ಲು ಪುಡಿ ಮಾಡಿ, ಗ್ರಾಂ ಲೆಕ್ಕದಲ್ಲಿ ಚಿನ್ನ ತೂಗಿದ ಊರು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ತರಿಸ್ಕೊಂಡ ಊರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆ ಗಣಿಯವರ ಮೊಮ್ಮಕ್ಕಳು ಕೆಲಸಕ್ಕಾಗಿ ಓಡೋ ಗ್ರೌಂಡಿಗೆ ಒಂದು ಟೇಪು ಹಿಡಿಯೋಕೆ ಯಾರಿಗೂ ಪುರುಸೊತ್ತಾಗಲಿಲ್ಲ!

ಇನ್ನೊಂದು ಪಂಗಡ ಇದೆ. ಕೇಳಿದ ಕೂಡಲೇ "ಸಿಂಥೆಟಿಕ್ ಟ್ರ್ಯಾಕ್ ಬರ್ಲಿ, ಆಮೇಲೆ ನೋಡೋಣ" ಅನ್ನೋರು. ಕೋಲಾರದಲ್ಲಿ ಹುಟ್ಟಿದ ಕೆನೆತ್ ಪೊವೆಲ್ 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಭಾರತಕ್ಕೆ ಓಡಿದರು, 1965ರ ಅರ್ಜುನ ಪ್ರಶಸ್ತಿ ಪಡೆದರು. ಟೋಕಿಯೋದಲ್ಲಿ ಅವರು ಓಡಿದ್ದು ಸಿಂಥೆಟಿಕ್ ಅಲ್ಲದ ಟ್ರ್ಯಾಕಿನ ಮೇಲೆ. ಒಲಿಂಪಿಕ್ಸಿಗೆ ಸಿಂಥೆಟಿಕ್ ಬಂದಿದ್ದು 1968ರಲ್ಲಿ, ಮೆಕ್ಸಿಕೋದಲ್ಲಿ. ಜಾಟೊಪೆಕ್‌ಗೂ ಇರ್ಲಿಲ್ಲ ಈ ರಬ್ಬರು. ಕೋಟಿಗಟ್ಟಲೆ ಸುರಿದು ಜಿಲ್ಲೆಗೊಂದು ಕೆಂಪು ಟ್ರ್ಯಾಕು ಮಾಡಿ, ಗೇಟಿಗೆ ಬೀಗ ಹಾಕೋ ಬದಲು, ಪ್ರತಿ ತಾಲ್ಲೂಕಿನಲ್ಲೂ ಒಂದು ಮಣ್ಣಿನ ಗ್ರೌಂಡು ಅಳೆದು ಗೆರೆ ಎಳೀರಿ, ಬೆಳಗ್ಗೆ ಐದಕ್ಕೆ ಗೇಟು ತೆಗೀರಿ. ಪೆಂಡಾಲ್ ಹಾಕೋರು ಗುಂಡಿ ತೋಡಿದ್ರೆ ಮುಚ್ಚಿ ಹೋಗಲಿ. ಇಷ್ಟು ಕೇಳೋದು ಜಾಸ್ತಿ ಆಯ್ತಾ?

ನಿನ್ನೆ ಆ ಹುಡುಗ ಅಳತೆಯ ಗೆರೆ ಮೇಲೆ ಪೂರ್ತಿ 1600 ಓಡಿದ. 6 ನಿಮಿಷ 33. ಇನ್ನೂ ಮೂರು ಸೆಕೆಂಡು ಬೇಕು, ಎಷ್ಟು ಬೇಕು ಅಂತ ಈಗ ಅವನಿಗೆ ಗೊತ್ತು.

ಮಳೆಗೆ ಎರಡನೇ ತಿರುವಿನ ಗೆರೆ ಅಳಿಸಿ ಹೋಗಿದೆ. ಬರೋ ಭಾನುವಾರ ಟೇಪಿನ ಇನ್ನೊಂದು ತುದಿ ಹಿಡಿಯೋಕೆ ಒಬ್ಬರು ಬೇಕು. ಗಾಣದೆತ್ತು ಅಂದೋರೇ ಬಂದ್ರೆ ಇನ್ನೂ ಸಂತೋಷ. ಸಂಜೆ ಬಂಗಾರಪೇಟೆಯಲ್ಲಿ ಪಾನಿಪುರಿ ನನ್ನ ಲೆಕ್ಕ, ಇಲ್ಲಿ ಪಾನಿ ನೀರಿನಷ್ಟೇ ತಿಳಿಯಾಗಿರುತ್ತೆ, ನೋಡಿ ಮೋಸ ಹೋಗ್ಬೇಡಿ, ಖಾರ ಆಮೇಲೆ ಗೊತ್ತಾಗುತ್ತೆ :)