ಬಾಯಿಮಾತಿಗೆ ಜಾಹೀರಾತು ಸಿಕ್ಕೀತೆ?

ದಾವಣಗೆರೆಯ ಬಟ್ಟೆ ಅಂಗಡಿಗಳಿಗೆ ಈಗ ರೀಲ್ಸ್ ಹುಡುಗರ ಕಾಟ. "ಲಕ್ಷ ಫಾಲೋವರ್ಸ್ ಇದಾರೆ ಸಾರ್, ಪ್ರಚಾರ ಮಾಡ್ಕೊಡ್ತೀನಿ." ಸಾಹುಕಾರರ ಪ್ರಶ್ನೆ ಒಂದೇ: "ಅದ್ರಾಗೆ ನಮ್ಮೂರೋರು ಎಷ್ಟು ಮಂದಿ ಇದಾರಪ್ಪ?" ಹುಡುಗ ತಬ್ಬಿಬ್ಬು!

ದಿಲ್ಲಿಯವನು ಲೈಕ್ ಒತ್ತಿದರೆ ಇಲ್ಲಿ ಸೀರೆ ಖರ್ಚಾದೀತೆ? ಇನ್‌ಸ್ಟಾಗ್ರಾಂನಲ್ಲಿ ವೃತ್ತಿಪರ ಖಾತೆ ಮಾಡಿಕೊಂಡರೆ ಊರುವಾರು ಲೆಕ್ಕ ಅಲ್ಲೇ ಸಿಗುತ್ತದೆ, ಅದೂ ಪುಕ್ಕಟೆ. ಆ ಲೆಕ್ಕ, ಹಿಂದೆ ಮಾಡಿದ ಎರಡು ಕೆಲಸ, ಒಂದು ವಿಡಿಯೋಕ್ಕೆ ಇಷ್ಟು ಎಂಬ ದರಚೀಟಿ ಕೈಲಿರಲಿ. ಇಲ್ಲದಿದ್ದರೆ ಅದು ವ್ಯಾಪಾರವಲ್ಲ, ವಂತಿಗೆ ಎತ್ತುವ ಕೆಲಸ.

ಬಿಟ್ಟಿ ಸೀರೆ ಪಡೆದರೂ 'ಜಾಹೀರಾತು' ಅಂತ ತೋರಿಸಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಹೇಳಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ದಂಡ 10 ಲಕ್ಷ ರೂಪಾಯಿವರೆಗೆ. "ದುಡ್ಡು ಕೊಟ್ಟಿದ್ದು ಹೇಳ್ಬೇಡ" ಎನ್ನುವ ಸಾಹುಕಾರರಿಗೂ ಇದು ಗೊತ್ತಿರಲಿ.